ಸಮಾನಮನಸ್ಕರ ಊರಿನ ಹುಡುಕಾಟ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂಬ ಕಾರಣಕ್ಕೆ ಈ ದಂಪತಿಯ ಹೆಸರು, ಉದ್ಯೋಗ ಮತ್ತು ಊರಿನ ವಿವರಗಳನ್ನು ಕೈಬಿಟ್ಟಿದ್ದೇನೆ. ಇಬ್ಬರೂ ನಡುವಯಸ್ಸಿನವರು, ಮಗಳು ಓದಿಗಾಗಿ ಬೇರೆಡೆ ಇದ್ದಾಳೆ. ಪತಿ ಮನೆಯಿಂದಲೇ ಕೆಲಸ ಮಾಡುವವರಾದ್ದರಿಂದ ಎಲ್ಲಿ ಬೇಕಾದರೂ ನೆಲೆಸುವ ಅನುಕೂಲ ಅವರಿಗಿತ್ತು, ಮತ್ತು ಆ ಅನುಕೂಲವೇ ಕೆಲವು ಕಾಲದಿಂದ ಮನೆಯಲ್ಲಿ ಜಗಳಕ್ಕೆ ಕಾರಣವಾಗಿತ್ತು. ಆರೋಗ್ಯದ ಬಗ್ಗೆ ಕಾಳಜಿಯುಳ್ಳ, ರಾಜಕೀಯವಾಗಿ ತಮ್ಮಂತೆಯೇ ಯೋಚಿಸುವ ಜನರಿರುವ ಊರಿಗೆ ಹೋಗಿಬಿಡಬೇಕು ಎಂಬುದು ಪತಿಯ ಹಟ. ಇರುವಲ್ಲಿಯೇ ಇರೋಣ ಎಂಬುದು ಪತ್ನಿಯ ಮಾತು. ಅವರ ರಾಜಕೀಯ ನಿಲುವು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಎದುರು ಪಾಳೆಯದವರೂ ಇದೇ ಬೇಡಿಕೆ ಹಿಡಿದು ನನ್ನ ಬಳಿ ಬಂದಿದ್ದಾರೆ, ಮತ್ತು ಅವರು ಆಡಿದ ಮಾತುಗಳೂ ಹೆಚ್ಚುಕಡಿಮೆ ಇವೇ.

ಪತಿ ಒಂದು ನೋಟ್‌ಬುಕ್ ತಂದಿದ್ದರು. ಎಡಗಡೆ ಊರುಗಳ ಪಟ್ಟಿ. ಅದರ ಮುಂದೆ ಗೆರೆ ಎಳೆದು ಗಾಳಿಯ ಗುಣಮಟ್ಟ, ನಡೆದಾಡುವ ದಾರಿ, ಉದ್ಯಾನ, ವ್ಯಾಯಾಮಶಾಲೆ, ಕಳೆದ ಚುನಾವಣೆಗಳಲ್ಲಿ ಯಾವ ಕಡೆಗೆ ಎಷ್ಟು ಮತ ಬಿದ್ದಿತ್ತು ಎಂಬ ಲೆಕ್ಕ, ಪ್ರತಿಯೊಂದಕ್ಕೂ ಅಂಕ, ಕೊನೆಯಲ್ಲಿ ಮೊತ್ತ. ಮೊತ್ತವೂ ಮುಗಿದ ಮೇಲೆ, ಹಾಳೆಯ ಬಲ ಅಂಚಿನಲ್ಲಿ, ಪೆನ್ಸಿಲಿನಲ್ಲಿ ಇನ್ನೊಂದು ಕಾಲಂ ಇತ್ತು. ಅಕ್ಷರ ಬೇರೆಯವರದು: ‘ಅಮ್ಮನ ಮನೆಗೆ ಎಷ್ಟು ಗಂಟೆ?’ ಅದಕ್ಕೆ ಯಾರೂ ಅಂಕ ಕೊಟ್ಟಿರಲಿಲ್ಲ. ಪತಿಯನ್ನು ಕೇಳಿದಾಗ, ಆ ಕಾಲಂ ಯಾವಾಗ ಸೇರಿತೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಹುಡುಕಾಟ ಶುರುವಾದದ್ದು ಎರಡು ಏಟುಗಳಿಂದ. ರಕ್ತಪರೀಕ್ಷೆಯಲ್ಲಿ ಅವರು ಮಧುಮೇಹದ ಹೊಸ್ತಿಲಲ್ಲಿದ್ದಾರೆ ಎಂದು ತಿಳಿದುಬಂದಿತ್ತು. ಊಟತಿಂಡಿಯಲ್ಲಿ ಕಟ್ಟುನಿಟ್ಟು ಮಾಡಿಕೊಂಡಾಗಲೆಲ್ಲ ಬಂಧುಬಳಗದವರು ‘ಒಂದು ದಿನ ತಿಂದರೆ ಏನಾಗಿಬಿಡತ್ತೆ’ ಎಂದು ತಟ್ಟೆಗೆ ಬಡಿಸುತ್ತಿದ್ದರು. ಅದೇ ಹೊತ್ತಿಗೆ ಚುನಾವಣೆ ಬಂತು, ಬೆಳಗಿನ ವಾಕಿಂಗ್ ಗೆಳೆಯರ ಗುಂಪು ಒಡೆಯಿತು, ಒಡಹುಟ್ಟಿದ ಅಣ್ಣನೇ ಮಾತು ಬಿಟ್ಟರು. “ಬಾಯಿ ಬಿಟ್ಟರೆ ಜಗಳ, ಮುಚ್ಚಿಕೊಂಡರೆ ಉಸಿರು ಕಟ್ಟತ್ತೆ ಮೇಡಂ” ಎಂದರು ಪತಿ. ಅವರು ಹೇಳಿದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಈ ಮಾತು. ಅವರಿಗೆ ಬೇಕಾಗಿದ್ದದ್ದು ಒಮ್ಮತವೋ, ಅಥವಾ ಎಚ್ಚರದಿಂದ ಅಳೆದು ಸುರಿದು ಮಾತಾಡಬೇಕಾದ ಕಷ್ಟದಿಂದ ಬಿಡುಗಡೆಯೋ ಎಂಬುದನ್ನು ಬಿಡಿಸಿ ನೋಡದೆ ಊರಿನ ಚರ್ಚೆಗೆ ಇಳಿಯುವುದು ವ್ಯರ್ಥವಾಗಿತ್ತು.

ಪತ್ನಿ ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂದು ಒಂದೇ ಮಾತಿನಲ್ಲಿ ಪ್ರಕರಣ ಮುಗಿಸಲು ನೋಡಿದರು. ಅದನ್ನು ನಾನು ಒಪ್ಪಲಿಲ್ಲ; ಕೆಲವು ಬೆಟ್ಟಗಳು ಹತ್ತಿರ ಹೋದರೂ ನುಣ್ಣಗೇ ಇರುತ್ತವೆ. ಗಾಳಿಯನ್ನೇ ತೆಗೆದುಕೊಳ್ಳಿ. ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 5 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮಾರ್ಗಸೂಚಿ ಹೊರಡಿಸಿದೆ, ಮತ್ತು ಕೆಟ್ಟ ಗಾಳಿಯ ಊರಿನಲ್ಲಿ ಕುಳಿತು ಯಾರೂ ತಮ್ಮ ಮನೋಬಲದಿಂದ ಆ ಮಟ್ಟವನ್ನು ತಲುಪಲಾರರು. ಮನೆಯಿಂದ ಕಾಲ್ನಡಿಗೆಯಲ್ಲಿ ಹೊರಟು ದಿನದ ಕೆಲಸ ಮುಗಿಸಿ ಬರಬಹುದೇ, ತುರ್ತು ಹೊತ್ತಿನಲ್ಲಿ ಆಸ್ಪತ್ರೆ ಸಿಗುತ್ತದೆಯೇ ಎಂಬುದೂ ಊರಿಗೇ ಸೇರಿದ ಸಂಗತಿಗಳು. ಇವಿಷ್ಟಕ್ಕೆ ಹೆಚ್ಚು ಅಂಕ ಕೊಡಿ, ವ್ಯಾಯಾಮಶಾಲೆಗಳ ಎಣಿಕೆ ಬಿಟ್ಟುಬಿಡಿ ಎಂದೆ. ಮಧುಮೇಹದ ಹೊಸ್ತಿಲಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ವಾರಕ್ಕೆ 150 ನಿಮಿಷಗಳ ಚಟುವಟಿಕೆ ಮತ್ತು ಶೇ. 7ರಷ್ಟು ತೂಕ ಇಳಿಕೆಯ ಗುರಿ ಹೊತ್ತವರಲ್ಲಿ ಕಾಯಿಲೆ ಕಾಣಿಸಿಕೊಳ್ಳುವ ಪ್ರಮಾಣ ಶೇ. 58ರಷ್ಟು ತಗ್ಗಿತ್ತು. ಅದಕ್ಕಾಗಿ ಅವರು ಊರು ಬದಲಿಸಬೇಕಾಗಿರಲಿಲ್ಲ. ಪ್ರತಿಯೊಬ್ಬರ ಬೆನ್ನಿಗೆ ಮಾತ್ರ ತಪ್ಪದೆ ವಿಚಾರಿಸುವ ಒಬ್ಬ ಮಾರ್ಗದರ್ಶಿ ಇದ್ದರು.

ಮತಗಳ ಕಾಲಂ ಬಗ್ಗೆ ಹೆಚ್ಚು ಹೊತ್ತು ಮಾತಾಡಬೇಕಾಯಿತು. ತಮ್ಮವರ ನಡುವೆ ಇದ್ದರೆ ಮನಸ್ಸು ತಣ್ಣಗಾಗುತ್ತದೆ ಎಂದು ಪತಿ ನಂಬಿದ್ದರು. 2005ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ನಡೆದ ಒಂದು ಪ್ರಯೋಗವನ್ನು ಅವರಿಗೆ ವಿವರಿಸಿದೆ. ಒಂದು ಕಡೆ ಉದಾರವಾದಿಗಳ ಊರೆನಿಸಿದ ಬೋಲ್ಡರ್, ಅದು ಆರೋಗ್ಯಪ್ರಿಯರ ಊರೆಂದೂ ಹೆಸರಾದದ್ದು. ಇನ್ನೊಂದು ಕಡೆ ಸಂಪ್ರದಾಯವಾದಿಗಳ ಕೊಲರಾಡೊ ಸ್ಪ್ರಿಂಗ್ಸ್. ಆಯಾ ಊರಿನವರನ್ನೇ ಸಣ್ಣ ಗುಂಪುಗಳಾಗಿ ಕೂರಿಸಿ ಹವಾಮಾನ ಬದಲಾವಣೆಯಂಥ ವಿವಾದದ ವಿಷಯಗಳನ್ನು ಚರ್ಚೆಗೆ ಕೊಟ್ಟಾಗ, ಚರ್ಚೆಯ ನಂತರ ಎರಡೂ ಕಡೆಯವರ ನಿಲುವು ಮೊದಲಿಗಿಂತ ತೀವ್ರವಾಯಿತು ಮತ್ತು ಗುಂಪಿನೊಳಗೆ ಮೊದಲಿದ್ದ ಭಿನ್ನತೆ ಕರಗಿತು. ಜಗಳ ಆಗಲಿಲ್ಲ ಎಂಬುದು ನಿಜ. ಆದರೆ ಅಣ್ಣನೊಡನೆ ಒಂದಲ್ಲ ಒಂದು ದಿನ ಮಾತಾಡಬೇಕೆಂಬ ಆಸೆ ಇರುವವರು ಇನ್ನಷ್ಟು ತೀವ್ರವಾಗಿ ಹೊರಬರುವ ಜಾಗವನ್ನು ಆರಿಸುವಾಗ ಅದರ ಬೆಲೆಯನ್ನೂ ತಿಳಿದಿರಬೇಕು.

ಆ ಪ್ರಯೋಗ ನಡೆಸಿದವರಲ್ಲಿ ಒಬ್ಬರಾದ ಡೇವಿಡ್ ಶ್ಕೇಡ್ ಅವರು ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಜೊತೆ 1998ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವೂ ಈ ಪ್ರಕರಣಕ್ಕೆ ಹೊಂದುತ್ತದೆ. ಹಿತವಾದ ಹವೆಯ ಕ್ಯಾಲಿಫೋರ್ನಿಯಾದವರೇ ಹೆಚ್ಚು ಸುಖಿಗಳೆಂದು ಕ್ಯಾಲಿಫೋರ್ನಿಯಾ ಮತ್ತು ಮಧ್ಯಪಶ್ಚಿಮ ಅಮೆರಿಕ, ಎರಡೂ ಪ್ರದೇಶಗಳ ವಿದ್ಯಾರ್ಥಿಗಳು ಅಂದಾಜಿಸಿದ್ದರು. ತಮ್ಮ ಬದುಕಿನ ಬಗ್ಗೆ ಕೇಳಿದಾಗ ಮಾತ್ರ ಅಲ್ಲಿನವರ ತೃಪ್ತಿಗೂ ಮಧ್ಯಪಶ್ಚಿಮ ಅಮೆರಿಕದವರ ತೃಪ್ತಿಗೂ ವ್ಯತ್ಯಾಸ ಕಾಣಲಿಲ್ಲ. ಊರುಗಳನ್ನು ಹೋಲಿಸುವಾಗ ಎದ್ದುಕಾಣುವ ಒಂದೆರಡು ಅಂಶಗಳ ಮೇಲೆಯೇ ಗಮನ ನೆಡುತ್ತದೆ, ಅಲ್ಲಿ ಬದುಕತೊಡಗಿದ ಮೇಲೆ ಆ ಅಂಶಗಳು ನೆನಪಿಗೂ ಬರುವುದಿಲ್ಲ.

ಇದನ್ನೆಲ್ಲ ಕೇಳಿ ಪತ್ನಿ ಗೆದ್ದವರಂತೆ ನಕ್ಕರು. ಅವರಿಗೂ ಹೇಳಬೇಕಾದದ್ದಿತ್ತು. ಹೋಗುವುದು ಬೇಡ ಎನ್ನುವುದಕ್ಕೆ ಅವರು ಮನೆಯ ಸಾಲ, ಸಾಮಾನು ಸಾಗಣೆ ಎಂದು ಕಾರಣ ಕೊಡುತ್ತಿದ್ದರೇ ಹೊರತು, ವಯಸ್ಸಾದ ತಾಯಿಯನ್ನು ಬಿಟ್ಟು ದೂರ ಹೋಗಲಾರೆ ಎಂದು ಗಂಡನ ಮುಖ ನೋಡಿ ಒಮ್ಮೆಯೂ ಹೇಳಿರಲಿಲ್ಲ. ಪೆನ್ಸಿಲ್ ಕಾಲಮ್ಮನ್ನು ಶಾಯಿಯಲ್ಲಿ ಬರೆದು, ಅದಕ್ಕೊಂದು ಮಿತಿ ಹಾಕಿಕೊಳ್ಳಿ, ಆ ಮಿತಿಗಿಂತ ದೂರದ ಊರುಗಳನ್ನು ಅಂಕ ಎಷ್ಟೇ ಇದ್ದರೂ ಹೊಡೆದುಹಾಕಿ ಎಂದು ಸಲಹೆ ಕೊಟ್ಟೆ. ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು, ಮೊದಲ ಸ್ಥಾನದಲ್ಲಿದ್ದ ಊರೂ ಸೇರಿ. ಪತಿ ಬಹಳ ಹೊತ್ತು ಮಾತಾಡಲಿಲ್ಲ.

ಉಳಿದವುಗಳಲ್ಲಿ ಒಂದನ್ನು ಆರಿಸಿ, ಈಗಿನ ಮನೆಯನ್ನು ಮಾರದೆ, ಅಲ್ಲಿನ ಹವಾಮಾನ ಅತಿ ಕೆಟ್ಟದಾಗಿರುವ ಕಾಲದಲ್ಲಿ ಬಾಡಿಗೆಗೆ ಇದ್ದು ನೋಡಿ ಎಂದೆ. ಪ್ರವಾಸಿಗರಂತೆ ಸುತ್ತುವುದು ಬೇಡ. ಕೆಲಸದ ದಿನಚರಿಯನ್ನೇ ಅಲ್ಲಿಗೆ ಒಯ್ಯಬೇಕು. ಆ ಊರಿನಲ್ಲಿ ಅಲ್ಪಮತದಲ್ಲಿರುವ ಒಬ್ಬರನ್ನಾದರೂ ಹುಡುಕಿ, ಇಲ್ಲಿ ಬದುಕು ಹೇಗಿದೆ ಎಂದು ಕೇಳಬೇಕು, ಏಕೆಂದರೆ ಒಪ್ಪದವರನ್ನು ಊರು ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ನಾಳೆ ನೀವೇ ಒಂದು ವಿಷಯದಲ್ಲಿ ಒಪ್ಪದಿದ್ದಾಗ ನಿಮಗೂ ಅನ್ವಯಿಸುತ್ತದೆ. ಸ್ನೇಹದ ವಿಷಯದಲ್ಲಿ ಆತುರ ಬೇಡ ಎಂದೂ ಎಚ್ಚರಿಸಿದೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಬರಿಯ ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ, ಆಪ್ತತೆ ಬೆಳೆಯಲು 200ಕ್ಕೂ ಹೆಚ್ಚು ಗಂಟೆಗಳ ಒಡನಾಟ ಬೇಕು. ಮನೆಯಿಂದ ಕೆಲಸ ಮಾಡುವವರಿಗೆ ಆ ಗಂಟೆಗಳು ತಾವಾಗಿ ಕೂಡಿಬರುವುದಿಲ್ಲ. ವಾರವಾರವೂ ಒಂದೇ ಹೊತ್ತಿಗೆ, ಅದೇ ಜನರೊಡನೆ, ರಾಜಕೀಯಕ್ಕೆ ಸಂಬಂಧವಿಲ್ಲದ ಏನಾದರೊಂದು ಕೆಲಸದಲ್ಲಿ ಸೇರಿಕೊಳ್ಳಬೇಕಾಗುತ್ತದೆ.

ಅವರು ಹಾಗೆಯೇ ಮಾಡಿದರು. ಮತಗಳ ಕಾಲಂನಲ್ಲಿ ನಡುವಿನ ಅಂಕ ಪಡೆದಿದ್ದ, ಗಾಳಿ ಮತ್ತು ಕಾಲುದಾರಿ ಚೆನ್ನಾಗಿದ್ದ ಊರಿನಲ್ಲಿ ಈಗ ಬಾಡಿಗೆಗೆ ಇದ್ದಾರೆ. ಪತಿಯ ರಕ್ತದ ಸಕ್ಕರೆ ಸ್ವಲ್ಪ ಇಳಿದಿದೆ. ಪತ್ನಿ ತಾಯಿಯ ಮನೆಗೆ ಹೋಗಿಬಂದು ಮಾಡುತ್ತಾರೆ, ಪ್ರಯಾಣದ ದಣಿವಿನ ಬಗ್ಗೆ ಗೊಣಗುತ್ತಾರೆ, ಮತ್ತು ಗೊಣಗಾಟವನ್ನು ಈಗ ಗಂಡನ ಎದುರಿಗೇ ಮಾಡುತ್ತಾರೆ. ಬಾಡಿಗೆಯ ಕರಾರು ಮುಗಿಯುವ ಮುನ್ನ ಇರುವುದೋ ಮರಳುವುದೋ ಎಂದು ಇಬ್ಬರೂ ಬೇರೆಬೇರೆಯಾಗಿ ಬರೆದು ತರಬೇಕೆಂದು ಹೇಳಿದ್ದೇನೆ. ಅಣ್ಣನೊಡನೆ ಮಾತು ಇನ್ನೂ ಶುರುವಾಗಿಲ್ಲ. ಮುಂದಿನ ಭೇಟಿಗೆ ಪತಿ ಒಬ್ಬರೇ ಬರುತ್ತಾರೆ.