ಮಾತ್ರೆಗೆ ಹೆದರುವ ಮನೆ, ಮದುವೆಯ ಮಾತುಕತೆ

ಪ್ರಶ್ನೆ: ನನಗೆ 26 ವರ್ಷ, ಶಾಲಾ ಶಿಕ್ಷಕಿ. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುತ್ತದೆ, ಗದ್ದದ ಮೇಲೆ ಕೂದಲು ಬರುತ್ತದೆ. ಸ್ತ್ರೀರೋಗ ತಜ್ಞರು ಪಿಸಿಒಎಸ್ (ಹಾರ್ಮೋನುಗಳ ಏರುಪೇರಿನಿಂದ ಅಂಡೋತ್ಪತ್ತಿ, ಮುಟ್ಟು ಕ್ರಮ ತಪ್ಪುವ ತೊಂದರೆ) ಎಂದು ಹೇಳಿ ಹಾರ್ಮೋನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಅದನ್ನು ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ, ಮದುವೆಯಾದರೆ ಎಲ್ಲವೂ ಸರಿಹೋಗುತ್ತದೆ ಎಂದು ಅಮ್ಮ ಮತ್ತು ದೊಡ್ಡಮ್ಮ ತಡೆಯುತ್ತಿದ್ದಾರೆ. ಗಂಡಿನ ಕಡೆಯವರಿಗೆ ವಿಷಯ ತಿಳಿಯಕೂಡದೆಂದು ತಾಕೀತು ಮಾಡಿದ್ದಾರೆ. ನಾನೇನು ಮಾಡಲಿ?
– ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ಮೊದಲು ಮಾತ್ರೆಯ ವಿಚಾರ. ಈ ತೊಂದರೆಗೆ ಸಾಮಾನ್ಯವಾಗಿ ಕೊಡುವ ಹಾರ್ಮೋನ್ ಮಾತ್ರೆಗಳಿಂದ ಶಾಶ್ವತ ಬಂಜೆತನ ಬರುವುದಿಲ್ಲ. ನಿಲ್ಲಿಸಿದ ಮೇಲೆ ಅವುಗಳ ಗರ್ಭನಿರೋಧಕ ಪರಿಣಾಮವೂ ನಿಲ್ಲುತ್ತದೆ. ಚಿಕಿತ್ಸೆಯಿಲ್ಲದೆ ತಿಂಗಳುಗಟ್ಟಲೆ ಮುಟ್ಟು ನಿಂತರೆ ಮಾತ್ರ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ ಮುಂದೆ ಅಪಾಯಕ್ಕೆ ದಾರಿಯಾಗಬಹುದು. ಹಬ್ಬ, ಗೃಹಪ್ರವೇಶದ ದಿನ ಹೆಣ್ಣುಮಕ್ಕಳು ‘ಹೊರಗಾಗಬಾರದು’ ಎಂದು ಯಾರನ್ನೂ ಕೇಳದೆ ಔಷಧದ ಅಂಗಡಿಯಿಂದ ಮುಟ್ಟು ಮುಂದೂಡುವ ಮಾತ್ರೆ ತರಿಸುವ ಎಷ್ಟೋ ಮನೆಗಳು, ವೈದ್ಯರೇ ಬರೆದುಕೊಟ್ಟ ಹಾರ್ಮೋನಿಗೆ ಹೆದರುತ್ತವೆ. ಮೊದಲಿನದೂ ಹಾರ್ಮೋನೇ ಎಂಬುದನ್ನು ನಿಮ್ಮ ದೊಡ್ಡಮ್ಮನವರಿಗೆ ಮೆಲ್ಲಗೆ ತಿಳಿಸಿ.

ಮದುವೆಯಿಂದ ಇದು ವಾಸಿಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮಕ್ಕಳನ್ನು ಹೆರುವ ವಯಸ್ಸಿನ ಮಹಿಳೆಯರಲ್ಲಿ ಶೇ 10ರಿಂದ 13ರಷ್ಟು ಮಂದಿಗೆ ಪಿಸಿಒಎಸ್ ಇದೆ. ಅವರಲ್ಲಿ ಅನೇಕರು ಸಹಜವಾಗಿಯೇ ಗರ್ಭ ಧರಿಸುತ್ತಾರೆ, ಉಳಿದವರಲ್ಲಿ ಹೆಚ್ಚಿನವರಿಗೆ ಅಂಡೋತ್ಪತ್ತಿಗೆ ನೆರವಾಗುವ ಲೆಟ್ರೊಜೋಲ್‌ನಂಥ ಮಾತ್ರೆಗಳಿವೆ. ಹಾಗಿದ್ದೂ ಮದುವೆಯಾದ ವರ್ಷದೊಳಗೆ ‘ವಿಶೇಷ ಏನಾದರೂ ಉಂಟೇ’ ಎಂದು ಸೊಸೆಯನ್ನೇ ಕೇಳುತ್ತಾರೆ, ಪರೀಕ್ಷೆಗಳೆಲ್ಲ ಅವಳಿಗೇ ಮೊದಲು ನಡೆಯುತ್ತವೆ. ಗಂಡನ ವೀರ್ಯ ಪರೀಕ್ಷೆ ಅವೆಲ್ಲಕ್ಕಿಂತ ಸುಲಭವಾದದ್ದೆಂಬುದು ಯಾರಿಗೂ ನೆನಪಾಗುವುದಿಲ್ಲ. ಗದ್ದದ ಕೂದಲನ್ನು ಥ್ರೆಡಿಂಗ್ ಮಾಡಿಸಿಕೊಂಡು, ಮೊಡವೆಯ ಕಲೆಗೆ ಪೌಡರ್ ಹಚ್ಚಿ ಗಂಡಿನ ಕಡೆಯವರ ಮುಂದೆ ಕಾಫಿ ತಟ್ಟೆ ಹಿಡಿದು ನಿಲ್ಲುವ ಹೆಣ್ಣಿಗೆ, ‘ಸ್ವಲ್ಪ ತೂಕ ಇಳಿಸಿದರೆ ಸರಿಯಾಗುತ್ತದೆ’ ಎಂಬ ಪುಕ್ಕಟೆ ಸಲಹೆ ಎಷ್ಟು ಚುಚ್ಚುತ್ತದೆ ಎಂಬುದು ಸಲಹೆ ಕೊಡುವವರಿಗೆ ತಿಳಿದಂತಿಲ್ಲ. ತೆಳ್ಳಗಿರುವವರಿಗೂ ಪಿಸಿಒಎಸ್ ಬರುತ್ತದೆ. ಇದರೊಂದಿಗೆ ಖಿನ್ನತೆ, ಆತಂಕಗಳು ಹೆಚ್ಚಾಗಿ ಕಾಣುವುದರಿಂದ ಅವುಗಳನ್ನೂ ವಿಚಾರಿಸಬೇಕೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ವೈದ್ಯರಿಗೆ ಹೇಳಿದೆ. ನಿದ್ದೆ ಕೆಟ್ಟಿದ್ದರೆ, ಕನ್ನಡಿ ನೋಡಲೂ ಬೇಸರವೆನಿಸುತ್ತಿದ್ದರೆ ಸಂಕೋಚಪಡದೆ ಹೇಳಿಕೊಳ್ಳಿ.

ಇನ್ನು ಹೇಳಬೇಕೇ, ಮುಚ್ಚಿಡಬೇಕೇ ಎಂಬುದು. ಜಾತಕ ತರುವ ಪ್ರತಿಯೊಬ್ಬರಿಗೂ, ಮಧ್ಯಸ್ಥಿಕೆಯವರಿಗೂ ನಿಮ್ಮ ಸ್ಕ್ಯಾನಿಂಗ್ ವರದಿ ಒಪ್ಪಿಸುವ ಅಗತ್ಯ ಖಂಡಿತ ಇಲ್ಲ. ಆದರೆ ಮಾತುಕತೆ ಮುಂದುವರಿದು ನೀವಿಬ್ಬರೂ ಒಪ್ಪುವ ಹಂತಕ್ಕೆ ಬಂದಾಗ, ನಿಶ್ಚಿತಾರ್ಥಕ್ಕೆ ಮುಂಚೆ, ಹುಡುಗನಿಗೆ ನೀವೇ ನೇರವಾಗಿ ತಿಳಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಇದು ತಪ್ಪೊಪ್ಪಿಗೆಯಂತೆ ಆಗಬಾರದು. ತೊಂದರೆ ಏನು, ಚಿಕಿತ್ಸೆ ಏನು ಎಂದಷ್ಟೇ ಹೇಳಿ, ಬೇಕಾದರೆ ವೈದ್ಯರನ್ನು ಒಟ್ಟಿಗೇ ಕಾಣೋಣ ಎನ್ನಿ. ಅಷ್ಟಕ್ಕೇ ಹಿಂದೆ ಸರಿಯುವವನಾದರೆ ಆ ಸಂಬಂಧ ತಪ್ಪಿದ್ದಕ್ಕೆ ನಾನಂತೂ ಮರುಗುವುದಿಲ್ಲ. ಮುಚ್ಚಿಟ್ಟು ಮದುವೆಯಾದರೆ ಗಂಡನ ಮನೆಯಲ್ಲಿ ಮಾತ್ರೆಯನ್ನು ಕದ್ದು ನುಂಗಬೇಕಾಗುತ್ತದೆ, ಇಲ್ಲವೇ ಬಿಡಬೇಕಾಗುತ್ತದೆ.

ಮುಂದಿನ ಭೇಟಿಗೆ ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರ ಭಯವನ್ನು ಅವರೇ ವೈದ್ಯರ ಮುಂದೆ ಹೇಳಲಿ. ಪಿಸಿಒಎಸ್ ಇರುವವರಿಗೆ ಮಧುಮೇಹದ ಸಾಧ್ಯತೆ ಹೆಚ್ಚಾದ್ದರಿಂದ ಅಂದೇ ರಕ್ತದ ಸಕ್ಕರೆ ಪರೀಕ್ಷೆಯ ಬಗ್ಗೆಯೂ ಕೇಳಿ, ರಕ್ತದೊತ್ತಡ ನೋಡಿಸಿಕೊಳ್ಳಿ.