ಸ್ಪಿತಿಗೆ ಗೈಡ್ ಯಾಕೆ ಎಂದ ಸಿಂಧನೂರಿನ ಅಣ್ಣಾರಿಗೆ

ಅಣ್ಣಾರೆ, ನಾಲ್ಕು ಜನ ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟಿದ್ದೀರಿ, ಸಂತೋಷ. ಇಲ್ಲಿಂದಲೇ ನಮ್ಮ ಜೀಪ್ ಓಡಿಸಿಕೊಂಡು ಹೋಗೋದಾ, ಅಲ್ಲೇ ಗೈಡ್ ಸಮೇತ, ನಾವೇ ಓಡಿಸುವ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ) ಟೂರ್ ಹಿಡಿಯೋದಾ, ಫೋನಿನಲ್ಲಿ ಮ್ಯಾಪ್ ಇರುವಾಗ ಗೈಡ್‌ಗೆ ಕೊಡುವ ದುಡ್ಡು ದಂಡ ಅಲ್ವಾ ಎಂದು ಕೇಳಿದ್ದೀರಿ. ಹೋಗುವ ಮುಂಚೆ ನಾನೂ ಇದನ್ನೇ ಅಂದಿದ್ದೆ.

ದಾರಿ ತೋರಿಸಲು ಗೈಡ್ ಬೇಕಿಲ್ಲ, ನಿಜ. ಮನಾಲಿ ಬಿಟ್ಟು ಅಟಲ್ ಸುರಂಗ ದಾಟಿ ಕೋಕ್ಸರ್, ಗ್ರಾಂಫೂ ಹಿಡಿದರೆ ಆಮೇಲೆ ಸ್ಪಿತಿಯ ಮುಖ್ಯ ಊರು ಕಾಜಾಗೆ ಇರೋದು ಒಂದೇ ರಸ್ತೆ. ಆ ರಸ್ತೆಗೆ ಅಡ್ಡ ಹರಿಯುವ ನಾಲಾಗಳನ್ನು, ಅಂದರೆ ಬೆಟ್ಟದ ಹಳ್ಳಗಳನ್ನು, ಯಾವಾಗ ದಾಟಬೇಕು, ಯಾವಾಗ ಸುಮ್ನೆ ಕೂರಬೇಕು ಅನ್ನೋದು ಮ್ಯಾಪಿನಲ್ಲಿ ಇರೋದಿಲ್ಲ.

ನಾನು ಹೋಗಿದ್ದು ಜುಲೈನಲ್ಲಿ. ಆ ವರ್ಷ ಕಾಲುವೆಗೆ ನೀರು ಬಿಡೋದು ತಡವಾಗಿ ಗಂಗಾವತಿಯಲ್ಲಿ ಖಾಲಿ ಕೂತಿದ್ದೆವು. ಛತ್ರು ದಾಟಿ ಒಂದು ನಾಲಾ ಹತ್ತಿರ ಬಂದಾಗ ಸಂಜೆ ನಾಲ್ಕೂವರೆ. ಬಿಸಿಲು ಇನ್ನೂ ಚೆನ್ನಾಗಿತ್ತು. ಗೈಡ್ ಹುಡುಗ ಇಳಿದು ನೀರಿನ ಅಂಚಿಗೆ ಒಂದು ಬಿಳಿ ಕಲ್ಲು ಇಟ್ಟ. ಪಕ್ಕದ ಬಂಡೆ ಮೇಲೆ ಕೂತು ಬೀಡಿ ಹಚ್ಚಿದ. ಬೀಡಿ ಮುಗಿಯುವಷ್ಟರಲ್ಲಿ ಕಲ್ಲು ನೀರಿನೊಳಗೆ. "ಇವತ್ತು ಬೇಡ, ವಾಪಸ್" ಎಂದ. ನಮ್ಮವರಿಗೆ ಸಿಟ್ಟು ಬಂತು. "ಎರೆ ಹೊಲದ ಕೆಸರಿನಲ್ಲಿ ಟ್ರ್ಯಾಕ್ಟರ್ ಹೊಡೆದವರು ನಾವು, ಇದೇನು ಮಹಾ" ಎಂದರು. ಅವನು ಜಗ್ಗಲಿಲ್ಲ. ಬೆಳಗ್ಗೆ ಆರಕ್ಕೆ ಬಂದು ನೋಡಿದರೆ ಆ ಕಲ್ಲು ಒಣಗಿ ಕೂತಿದೆ, ನೀರು ಅದಕ್ಕಿಂತ ಒಂದು ಮಾರು ಆಚೆ.

ಹಗಲಿಡೀ ಬಿಸಿಲಿಗೆ ಮೇಲಿನ ಹಿಮ ಕರಗುತ್ತದೆ. ಆ ನೀರು ಕೆಳಗೆ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿರುತ್ತದೆ. ರಾತ್ರಿ ಚಳಿಗೆ ಮತ್ತೆ ಇಳಿಯುತ್ತದೆ. ನಮ್ಮಲ್ಲಿ ಕಾಲುವೆ ಗೇಟು ಇಲಾಖೆಯವರ ಕೈಯಲ್ಲಿ, ಅಲ್ಲಿ ಸೂರ್ಯನ ಕೈಯಲ್ಲಿ.

ಇನ್ನು ನೀರಿಗೆ ಇಳಿಯೋದು. ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ ಹೆಚ್ಚು ಬಲದ ಗೇರ್, ದಡದಲ್ಲೇ ಹಾಕಿ. ಫಸ್ಟ್ ಅಥವಾ ಸೆಕೆಂಡ್ ಗೇರ್, ಒಂದೇ ಸಮ ಆಕ್ಸಿಲರೇಟರ್, ನಡುವೆ ಗೇರ್ ಮುಟ್ಟಬೇಡಿ. ನಾನು ಗುಂಡುಕಲ್ಲಿಗೆ ಹೆದರಿ ಕ್ಲಚ್ ಒತ್ತಿಬಿಟ್ಟೆ. ಗಾಡಿ ನಿಂತಿತು, ನೀರು ಬಾಗಿಲು ತಳ್ಳುತ್ತಿದೆ. ಎಂಜಿನ್ ಆಫ್ ಆಗಲಿಲ್ಲ, ನನ್ನ ಪುಣ್ಯ. ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಒಳಗೆ ನೀರು ಎಳೆದುಕೊಂಡಿದ್ದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹೋಗುತ್ತದೆ. ಹಗ್ಗ ಕಟ್ಟಿ ಎಳೆಸಿ. ಹಿಂದಿನ ಗಾಡಿ ನಾವು ದಾಟುವವರೆಗೆ ನೀರಿಗೆ ಇಳಿಯಬಾರದು. ದಾಟಿದ ಮೇಲೆ ಬ್ರೇಕ್ ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿ. ಡಾಂಬರು ಬಂದ ಕೂಡಲೇ ಟೂ ವೀಲ್‌ಗೆ ಬನ್ನಿ. ಡಿಫ್ ಲಾಕ್ (ಎರಡೂ ಹಿಂದಿನ ಚಕ್ರ ಒಂದೇ ಸಮ ತಿರುಗಿಸುವ ಲಾಕ್) ಹಾಕಿದ ಟ್ರ್ಯಾಕ್ಟರ್ ರಸ್ತೆಯಲ್ಲಿ ತಿರುವಿದರೆ ಬಿಗಿದುಕೊಂಡು ಟಯರ್ ಉಜ್ಜುತ್ತದೆ ಗೊತ್ತಲ್ಲ, ಹಾಗೇ ಇದೂ.

ನಾವು ಮಾಡಿದ ದೊಡ್ಡ ತಪ್ಪು ಮನಾಲಿ ಕಡೆಯಿಂದ ಹತ್ತಿದ್ದು. ಗಂಗಾವತಿ 400 ಮೀಟರ್ ಆಸುಪಾಸಿನ ಎತ್ತರದಲ್ಲಿದೆ. ಕಾಜಾ ದಾರಿಯಲ್ಲಿ ದಾಟಬೇಕಾದ ಕುಂಜುಮ್ ಪಾಸ್ 4,500 ಮೀಟರ್ ಮೇಲೆ. ಮನಾಲಿಯಿಂದ ಹೊರಟರೆ ಒಂದೆರಡು ದಿನದಲ್ಲೇ ಅಲ್ಲಿಗೆ ಏರಿಬಿಡುತ್ತೀರಿ, ಮೈ ಒಗ್ಗೋದಿಲ್ಲ. ಕುಂಜುಮ್‌ಗೆ ಮುಂಚೆ ಸಿಗುವ ಬಾತಲ್‌ನಲ್ಲಿ ರಾತ್ರಿ ನಮ್ಮ ಭಾವನಿಗೆ ತಲೆ ಸಿಡಿತ, ವಾಂತಿ. ಗೈಡ್ ಅವರನ್ನು ಮುಂದೆ ಹತ್ತಿಸಲೇ ಇಲ್ಲ, ಬೆಳಗ್ಗೆ ಒಂದು ಗಾಡಿಯಲ್ಲಿ ಕೆಳಗೆ ಕಳಿಸಿಬಿಟ್ಟ. ಮನಾಲಿ ಮುಟ್ಟುವಷ್ಟರಲ್ಲಿ ಹಸಿವು ಅಂದರಂತೆ! ಕೆಳಗೆ ಇಳಿಯೋದೇ ಅದಕ್ಕೆ ಮದ್ದು. ಬಿಪಿ, ಹೃದಯದ ತೊಂದರೆ ಇದ್ದವರು ಮೊದಲೇ ಡಾಕ್ಟರ್ ಕೇಳಿ ಬನ್ನಿ.

ನೀವು ಶಿಮ್ಲಾದಿಂದ ಶುರು ಮಾಡಿ. ಕಲ್ಪಾ, ನಾಕೋ, ತಾಬೋದಲ್ಲಿ ಒಂದೊಂದು ರಾತ್ರಿ ಉಳಿದು ಕಾಜಾ. ಕೊನೆಗೆ ಕುಂಜುಮ್, ಚಂದ್ರತಾಲ್ ನೋಡಿ ಮನಾಲಿಗೆ ಇಳಿಯಿರಿ. ತಾಬೋದ ಬೌದ್ಧ ಮಠ 996ರದ್ದು. ಹೊರಗೆ ಮಣ್ಣಿನ ಗೋಡೆ, ನಮ್ಮ ಹಳೇ ಮಾಳಿಗೆ ಮನೆ ಇದ್ದ ಹಾಗೆ. ಒಳಗಿನ ಚಿತ್ರ ನೋಡಲು ಒಂದು ಗಂಟೆ ಇಟ್ಟುಕೊಳ್ಳಿ. ಚಂದ್ರತಾಲ್‌ನಲ್ಲಿ ಕೆರೆ ದಂಡೆಗೆ ಗಾಡಿ ಬಿಡೋದಿಲ್ಲ, ನಡೆಯಬೇಕು.

ನಮ್ಮ ಗಾಡಿ ಬೇಡ. ಎರಡು ಸಾವಿರ ಕಿಲೋಮೀಟರ್ ಮೇಲೆ ಹೈವೇ ಹೊಡೆದು ಸುಸ್ತಾಗಿ ಬೆಟ್ಟ ಹತ್ತೋದಕ್ಕಿಂತ ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿ, ಅಲ್ಲಿಂದ ಶಿಮ್ಲಾಗೆ ರಾತ್ರಿ ಬಸ್ಸು. ತಿಂಗಳು ಸೆಪ್ಟೆಂಬರೇ ಸರಿ. ನಾಟಿ ಮುಗಿದಿರುತ್ತದೆ, ಗೊಬ್ಬರ ಹಾಕಿ ಹೊರಡಬಹುದು. ಅಲ್ಲಿ ನಾಲಾ ನೀರೂ ಇಳಿದಿರುತ್ತದೆ. ಸ್ಪಿತಿ ನಮ್ಮ ಹಾಗೆ ಮಳೆ ಕಮ್ಮಿ ಸೀಮೆ. ಆದರೆ ಜುಲೈ, ಆಗಸ್ಟ್‌ನಲ್ಲಿ ಕಿನ್ನೌರ್, ಕುಲು ಕಡೆ ಗುಡ್ಡ ಕುಸಿದು ರಸ್ತೆ ಬಂದ್ ಆಗೋದು ಜಾಸ್ತಿ. ಅದಕ್ಕೇ ಎರಡು ದಿನ ಕೈಯಲ್ಲಿ ಉಳಿಸಿಕೊಂಡೇ ವಾಪಸ್ ಟಿಕೆಟ್ ಮಾಡಿಸಿ.

ಟೂರ್‌ನವರಿಗೆ ಇಷ್ಟು ಕೇಳಿ: ಗಾಡಿಗೆ ಬಾಡಿಗೆಗೆ ಕೊಡುವ ಪರ್ಮಿಟ್ ಇದೆಯಾ, ಎಳೆಯುವ ಹಗ್ಗ, ಅದನ್ನು ಗಾಡಿಗೆ ಸಿಕ್ಕಿಸುವ ಕಬ್ಬಿಣದ ಕೊಂಡಿ (ಶಾಕಲ್), ಗಾಳಿ ಪಂಪ್, ಆಕ್ಸಿಜನ್ ಸಿಲಿಂಡರ್ ಇವೆಯಾ, ವಾಕಿಟಾಕಿ ಎಷ್ಟು. ಬಾತಲ್ ಕಡೆ ಮೊಬೈಲ್ ನಂಬಬೇಡಿ. ಗಾಡಿಗೆ ಪೆಟ್ಟಾದರೆ ಖರ್ಚು ಯಾರದ್ದು ಅನ್ನೋದನ್ನು ಬರೆಸಿಕೊಳ್ಳಿ. ನಾವು ಬಾಯಿಮಾತು ನಂಬಿ ಒಂದು ಸೈಲೆನ್ಸರ್ ದುಡ್ಡು ತೆತ್ತೆವು.

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಿ. ಸೋನಾ ಮಸೂರಿ ಒಯ್ಯುವುದಾದರೆ ಕುಕ್ಕರ್ ಬೇಕೇ ಬೇಕು. ಅಷ್ಟು ಎತ್ತರದಲ್ಲಿ ನೀರು 90 ಡಿಗ್ರಿ ಮುಟ್ಟುವ ಮುಂಚೆಯೇ ಕುದಿಯುತ್ತದೆ, ಅಕ್ಕಿ ಬೇಯೋದಿಲ್ಲ. ತಪ್ಪೇಲಿಯಲ್ಲಿ ಒಂದು ತಾಸು ಕುದಿಸಿ, ಕೊನೆಗೆ ನಡುವೆ ಕಾಳು ಕಾಳು ಇದ್ದ ಅನ್ನ ತಿಂದಿದ್ದೇವೆ.

ಟೂರ್‌ನವರು ಕೊಟ್ಟ ಪಟ್ಟಿ ಇಲ್ಲಿ ಹಾಕಿ, ಅಡ್ವಾನ್ಸ್ ಕಳಿಸುವ ಮುಂಚೆ ಒಮ್ಮೆ ನೋಡಿ ಹೇಳುತ್ತೇನೆ.