ಸ್ನಾಯುವಿನೊಳಗೆ ಮೂಳೆ ಬೆಳೆದರೆ

ಪ್ರಶ್ನೆ: ತಮ್ಮನ ಬೆನ್ನುಹುರಿಗೆ ಪೆಟ್ಟಾಗಿ ಒಂಬತ್ತು ವಾರವಾಯಿತು. ಎದೆಯಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ನಾಲ್ಕು ದಿನದಿಂದ ಬಲತೊಡೆಯ ಮೇಲ್ಭಾಗ ಊದಿ ಬಿಸಿಯಾಗಿದೆ, ಸೊಂಟದ ಕೀಲು ಮೊದಲಿನಷ್ಟು ಮಡಿಸುತ್ತಿಲ್ಲ. ಅಲ್ಲಿ ಹೊಸದಾಗಿ ಮೂಳೆ ಬೆಳೆಯುತ್ತಿರಬಹುದು ಎನ್ನುತ್ತಾರೆ ವೈದ್ಯರು. ಏಟೇ ಬೀಳದ ಜಾಗದಲ್ಲಿ ಮೂಳೆ ಹೇಗೆ ಬೆಳೆಯುತ್ತದೆ? ರೋಗನಿರೋಧಕ ಶಕ್ತಿ ಹೆಚ್ಚಿಸುವ ಔಷಧ ಕೊಟ್ಟರೆ ನಿಲ್ಲುತ್ತದೆಯೆ?

ಉತ್ತರ: ಎಲ್ಲಕ್ಕಿಂತ ಮೊದಲು, ಇಂದೇ ಕಾಲಿನ ರಕ್ತನಾಳಗಳ ಡಾಪ್ಲರ್ ಸ್ಕ್ಯಾನ್ ಆಗಲಿ. ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೂ ಕಾಲು ಹೀಗೆಯೇ ಊದುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಹೆಪ್ಪಿಲ್ಲ ಎಂದು ಖಚಿತವಾಗುವವರೆಗೆ ತೊಡೆ ತಿಕ್ಕುವುದು, ಎಣ್ಣೆ ಹಚ್ಚಿ ನೀವುವುದು ಬೇಡವೇ ಬೇಡ. ಕೀಲಿನ ಸೋಂಕು ಮತ್ತು ಅರಿವಿಗೆ ಬಾರದ ಮೂಳೆ ಮುರಿತವನ್ನೂ ವೈದ್ಯರು ತಳ್ಳಿಹಾಕಬೇಕು.

ವೈದ್ಯರು ಹೇಳಿದ ತೊಂದರೆಯ ಹೆಸರು ಹೆಟೆರೋಟೋಪಿಕ್ ಆಸಿಫಿಕೇಶನ್, ಅಂದರೆ ಮೂಳೆ ಇರಬಾರದ ಜಾಗದಲ್ಲಿ ಮೂಳೆ ಬೆಳೆಯುವುದು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಲ್ಲಿ ಇದನ್ನು ಕಂಡು 1918ರಲ್ಲೇ ವಿವರಿಸಲಾಗಿತ್ತು. ಪೆಟ್ಟಾದ ಮಟ್ಟಕ್ಕಿಂತ ಕೆಳಗೆ, ಅದರಲ್ಲೂ ಸೊಂಟದ ಕೀಲಿನ ಸುತ್ತ ಹೆಚ್ಚು. ಮೊಣಕಾಲಿನದು ಆಮೇಲಿನ ಸ್ಥಾನ.

ಇದು ನಿರೋಧಕ ವ್ಯವಸ್ಥೆಯ ಬಲ ಕುಂದಿ ಆಗುವುದಲ್ಲ. ಸ್ನಾಯುವಿಗೆ ಸಣ್ಣ ಗಾಯವಾದಾಗ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಬಂದು ಸತ್ತ ಅಂಗಾಂಶವನ್ನು ತೆರವು ಮಾಡಿ, ದುರಸ್ತಿಗೆ ದಾರಿ ಮಾಡಿ, ಹಿಂದೆ ಸರಿಯಬೇಕು. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಉರಿಯೂತ ತಣಿಯದೆ ಮುಂದುವರಿಯಬಹುದು. ಈ ಕೋಶಗಳು ಸುರಿಸುವ ಆಂಕೋಸ್ಟಾಟಿನ್ ಎಂ ಎಂಬ ಸಂಕೇತ, ಸ್ನಾಯುವಿನ ನಡುವಿನ ಮೂಲಕೋಶಗಳನ್ನು ಮೂಳೆ ಕಟ್ಟುವ ಕಡೆಗೆ ತಿರುಗಿಸುತ್ತದೆ. ಇಲಿಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ: ಬೆನ್ನುಹುರಿಯ ಪೆಟ್ಟು, ಸ್ನಾಯುವಿನ ಗಾಯ ಎರಡೂ ಸೇರಿದಾಗ ಮೂಳೆ ಬೆಳೆಯಿತು; ಮ್ಯಾಕ್ರೋಫೇಜ್‌ಗಳನ್ನು ತೆಗೆದಾಗ ಬೆಳವಣಿಗೆ ಬಹಳ ತಗ್ಗಿತು. ಆ ಸಂಕೇತದ ಹಾದಿಯನ್ನು ತಡೆಯುವ ರುಕ್ಸೊಲಿಟಿನಿಬ್ ಎಂಬ ಔಷಧ ಕೂಡ ಇಲಿಗಳಲ್ಲಿ ಫಲ ಕೊಟ್ಟಿದೆ. ಆದ್ದರಿಂದ ‘ಇಮ್ಯುನಿಟಿ’ ಹೆಚ್ಚಿಸುತ್ತೇವೆಂದು ಮಾರುವ ಪುಡಿ, ಮಾತ್ರೆಗಳಿಗೆ ಇಲ್ಲಿ ಕೆಲಸವಿಲ್ಲ. ಉರಿಯೂತವನ್ನು ಕೆರಳಿಸುವ ಒತ್ತಡದ ಹುಣ್ಣು, ಮೂತ್ರದ ಸೋಂಕುಗಳನ್ನು ಬೇಗ ಗುಣಪಡಿಸುವುದೇ ಮುಖ್ಯ.

ಎಕ್ಸ್‌ರೇ ಶುಭ್ರವಾಗಿದೆ ಎಂದು ನಿರಾಳರಾಗಬೇಡಿ. ಹೊಸ ಮೂಳೆಯಲ್ಲಿ ಸುಣ್ಣದಂಶ ಸೇರಿ ಅದು ಎಕ್ಸ್‌ರೇಯಲ್ಲಿ ಕಾಣಲು ಹಲವು ವಾರ ಬೇಕು. ಮೂಳೆಯ ಚಟುವಟಿಕೆಯನ್ನು ತೋರಿಸುವ ಮೂರು ಹಂತದ ಬೋನ್ ಸ್ಕ್ಯಾನ್ ಅದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರುತ್ತದೆ ನಿಜ, ಆದರೆ ಮುರಿದ ಮೂಳೆ ಕೂಡುವಾಗಲೂ ಅದು ಏರುವುದರಿಂದ ಅದೊಂದನ್ನೇ ನಂಬಲಾಗದು.

ಪ್ರಶ್ನೆ: ಹಾಗಾದರೆ ಫಿಸಿಯೋಥೆರಪಿ ನಿಲ್ಲಿಸಬೇಕೆ? ಔಷಧವಿದೆಯೆ?

ಉತ್ತರ: ಹೆಪ್ಪಿಲ್ಲ, ಮುರಿತವಿಲ್ಲ ಎಂದಾದ ಮೇಲೆ ಪೂರ್ತಿ ನಿಲ್ಲಿಸಿದರೆ ಕೀಲು ಇನ್ನಷ್ಟು ಬಿಗಿಯುತ್ತದೆ. ಅಡ್ಡಿ ಸಿಕ್ಕುವವರೆಗೆ ನಿಧಾನವಾಗಿ ಮಡಿಸಿ, ಅಲ್ಲೇ ನಿಲ್ಲಿಸಿ. ಬಲವಂತವಾಗಿ ಜಗ್ಗಿದರೆ ನಾರುಗಳು ಹರಿದು, ರಕ್ತ ಜಿನುಗಿ, ಅದೇ ಉರಿಯೂತಕ್ಕೆ ಮತ್ತೆ ಮೇವು. ನೋವು ತಿಳಿಯದ ಕಾಲು ‘ಸಾಕು’ ಎನ್ನುವುದಿಲ್ಲ. ಆ ಎಚ್ಚರ ಮಡಿಸುವ ಕೈಯಲ್ಲಿರಬೇಕು. ವಾರಕ್ಕೊಮ್ಮೆ ಕೋನ ಅಳೆದು ಬರೆದಿಡಿ. ಸೊಂಟ 90 ಡಿಗ್ರಿಯಷ್ಟು ಮಡಿಸದಿದ್ದರೆ ಗಾಲಿಕುರ್ಚಿಯಲ್ಲಿ ವಾಲಿ ಕೂರಬೇಕಾಗುತ್ತದೆ, ಒಂದೇ ಪೃಷ್ಠದ ಮೇಲೆ ಭಾರ ಬಿದ್ದು ಹುಣ್ಣಾಗುತ್ತದೆ.

ತಡೆಗಟ್ಟಲು ದಿನಕ್ಕೆ 75 ಮಿ.ಗ್ರಾಂ ಇಂಡೊಮೆಥಸಿನ್ ಎಂಬ ಉರಿಯೂತ ತಗ್ಗಿಸುವ ಔಷಧವನ್ನು 3 ವಾರ ಕೊಟ್ಟು ಪ್ರಯೋಜನ ಕಂಡದ್ದುಂಟು. ಆದರೆ ಸ್ವಂತವಾಗಿ ಶುರು ಮಾಡಬಾರದು: ಜಠರದಲ್ಲಿ ಹುಣ್ಣಾದರೂ ಇವರಿಗೆ ನೋವು ತಿಳಿಯದಿರಬಹುದು, ರಕ್ತ ತೆಳುವಾಗಿಸುವ ಔಷಧದ ಜೊತೆ ರಕ್ತಸ್ರಾವದ ಭಯವೂ ಇದೆ. ಮೂತ್ರಪಿಂಡದ ಪರೀಕ್ಷೆಯೂ ಆಗಬೇಕು.

ಬೆಳೆದು ಗಟ್ಟಿಯಾದ ಮೂಳೆಯನ್ನು ಔಷಧ ಕರಗಿಸದು. ಕೂರಲು, ಶುಚಿ ಮಾಡಲು ಅಡ್ಡಿಯಾದರೆ ಮಾತ್ರ ಶಸ್ತ್ರಚಿಕಿತ್ಸೆ. ಅದರಲ್ಲಿ ರಕ್ತಸ್ರಾವ ಹೆಚ್ಚು, ಮೂಳೆ ಮರುಕಳಿಸಲೂಬಹುದು. ಬಳಕೆಯಿಲ್ಲದೆ ಟೊಳ್ಳಾದ ತೊಡೆಮೂಳೆಯ ಕತ್ತು ಮುರಿಯುವ ಅಪಾಯವನ್ನು ಮೊದಲೇ ಸರ್ಜನ್ ಬಳಿ ಕೇಳಿ ತಿಳಿದುಕೊಳ್ಳಿ.